ಕೆಮ್ಮಿ ತೋರಿಸಿ

ಜನವರಿ 17

ಅಕ್ಕಾ,

ಮದುವೆ ಮನೆಯ ಕುರ್ಚಿಗಳು ವಾಪಸು ಹೋದವು, ನೆಂಟರೂ ಹೋದರು. ಈಗ ಮನೆಯಲ್ಲಿ ಉಳಿದಿರುವುದು ನಿನ್ನ ಮೇಲಿನ ಸಿಟ್ಟೊಂದೇ. ಅದನ್ನೂ ಕಳಿಸಿಬಿಡೋಣ ಎಂದು ಬರೆಯುತ್ತಿದ್ದೇನೆ.

ನನಗಿರುವುದು ಒಬ್ಬಳೇ ಮಗಳು. ಅವಳಿಗಿರುವುದು ಒಬ್ಬಳೇ ದೊಡ್ಡಮ್ಮ. ಮೊದಲ ಸಾಲಿನಲ್ಲಿ ನಿನಗೆಂದೇ ಬಿಳಿ ಬಟ್ಟೆ ಹೊದಿಸಿದ ಕುರ್ಚಿ ಹಾಕಿಸಿದ್ದೆ. ನೀನು ಬಂದವಳು ಹಿಂಬಾಗಿಲಿನ ಹತ್ತಿರ ಗೋಡೆಗೆ ಒರಗಿ ನಿಂತೆ, ನಿಂತೇ ಇದ್ದೆ. ಊಟಕ್ಕೂ ಕೂರಲಿಲ್ಲ, ಫೋಟೊಗೂ ಬರಲಿಲ್ಲ. ಗಂಡಿನ ಸೋದರಮಾವ ಮೈಕ್ ಹಿಡಿದು ತನ್ನ ಮದುವೆಯ ಫಜೀತಿ ಹೇಳುತ್ತಿದ್ದಾಗ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನೀನು ಮುಖ ಗಂಟಿಕ್ಕಿ ಹೊರಗೆ ಹೋದೆ. ಆಮೇಲೆ ಯಾರಿಗೂ ಹೇಳದೆ ಬಸ್ ಹತ್ತಿದ್ದೀಯ.

"ದೊಡ್ಡಮ್ಮಂಗೆ ನಮ್ಮ ಮೇಲೆ ಏನಾದ್ರೂ ಬೇಜಾರಾ?" ಎಂದು ಮಗಳು ಕೇಳಿದಳು. ಏನು ಹೇಳಲಿ? ನಾವು ಚಿಕ್ಕವರಿದ್ದಾಗ ನೀನು ನಕ್ಕರೆ ಪಕ್ಕದ ಮನೆಯವರು ಕಿಟಕಿ ತೆರೆದು ಏನಾಯಿತು ಎಂದು ಕೇಳುತ್ತಿದ್ದರು. ಆ ಅಕ್ಕ ಎಲ್ಲಿ ಹೋದಳೋ ನನಗೆ ಗೊತ್ತಿಲ್ಲ. ಈ ಮೂರ್ನಾಲ್ಕು ವರ್ಷದಿಂದ ನಿನ್ನ ವೇಷದಲ್ಲಿ ಯಾರೋ ಬಂದು ಹೋಗುತ್ತಿದ್ದಾರೆ.

ಫೋನ್ ಮಾಡಿದರೆ ನಿನ್ನ ಸೊಸೆ ಎತ್ತುತ್ತಾಳೆ, ನೀನು ಎರಡು ಮಾತಿಗೆ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಉತ್ತರ ಬರೆದರೆ ಬರೆ, ಇಲ್ಲದಿದ್ದರೆ ಬಿಡು.

ಇನ್ನೂ ಸಿಟ್ಟಿಳಿಯದ,
ನಿನ್ನ ತಂಗಿ


ಫೆಬ್ರವರಿ 4

ಪಿಟೀಲು,

ಚಿಕ್ಕವಳಿದ್ದಾಗ ನೀನು ಅಳಲು ಶುರುಮಾಡಿದರೆ ಸಣ್ಣ ದನಿಯಲ್ಲಿ ಎಳೆಯುತ್ತಲೇ ಇರುತ್ತಿದ್ದೆ ಎಂದು ನಾನೇ ಇಟ್ಟ ಹೆಸರು. ಕಾಗದದಲ್ಲೂ ಅದೇ ದನಿ ಕೇಳಿಸಿತು. ಬೈದದ್ದು ಸರಿಯಾಗಿಯೇ ಇದೆ. ಕಾರಣ ಗೊತ್ತಿಲ್ಲದೆ ಬೈದಿದ್ದೀಯ, ಅಷ್ಟೇ.

ಕಾರಣವನ್ನು ಫೋನಿನಲ್ಲಿ ಹೇಳಲು ಆಗುವುದಿಲ್ಲ. ನಮ್ಮದು ಎರಡು ಕೋಣೆಯ ಮನೆ. ಈ ಗೋಡೆಯ ಹತ್ತಿರ ಪಿಸುಗುಟ್ಟಿದರೆ ಆ ಗೋಡೆ ಹೂಂಗುಟ್ಟುತ್ತದೆ. ಬರೆಯುವುದೂ ಸುಲಭವಾಗಲಿಲ್ಲ. ಓದಿದ ಮೇಲೆ ಇದನ್ನು ಹರಿದುಹಾಕು.

ನನಗೆ ಮೂತ್ರ ಹಿಡಿದುಕೊಳ್ಳಲು ಆಗುವುದಿಲ್ಲ.

ಇಗೋ, ಬರೆದಾಯಿತು. ಸುಮ್ಮನೆ ಕೂತಿದ್ದರೆ ಏನೂ ಇಲ್ಲ. ಕೆಮ್ಮಿದರೆ, ಸೀನಿದರೆ, ನಕ್ಕರೆ, ಭಾರ ಎತ್ತಿದರೆ ಸೋರುತ್ತದೆ. ಕೆಲವು ಸಲ ಹನಿ, ಕೆಲವು ಸಲ ಕಾಲಿನವರೆಗೂ. ಮಗ ಹುಟ್ಟಿದಾಗಿನಿಂದ ಸ್ವಲ್ಪ ಇತ್ತು. ಹೆತ್ತವರಿಗೆಲ್ಲ ಹೀಗೇ ಇರಬಹುದು ಎಂದು ಸುಮ್ಮನಿದ್ದೆ. ಪುಡಿ ಕಾರ್ಖಾನೆಗೆ ಸೇರಿದ ಮೇಲೆ ಹೆಚ್ಚಾಯಿತು.

ನೀನು ಆ ಜಾಗ ನೋಡಿಲ್ಲ. ಪಾತ್ರೆ ತಿಕ್ಕುವ ಪುಡಿ ಮಾಡುವುದು ಅಲ್ಲಿ. ಲಾರಿಯಲ್ಲಿ ಬಿಳಿ ಕಲ್ಲು ಬರುತ್ತದೆ, ಯಂತ್ರ ಅದನ್ನು ಹಿಟ್ಟು ಮಾಡುತ್ತದೆ, ನಾವು ಹೆಂಗಸರು ಅದಕ್ಕೆ ಸೋಪಿನ ಪುಡಿ ಬೆರೆಸಿ ಪೊಟ್ಟಣ ತುಂಬುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಹುಬ್ಬೂ ಬೆಳ್ಳಗಾಗಿರುತ್ತದೆ, ನಾವೆಲ್ಲ ಒಂದೇ ದಿನಕ್ಕೆ ಮುದುಕಿಯರು. ಆ ಗಾಳಿಗೆ ಕೆಮ್ಮು ಬಾರದವರು ಯಾರೂ ಇಲ್ಲ. ಉಳಿದವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಕೆಮ್ಮಿದರೆ ಲಂಗ ಒದ್ದೆ. ಹಾಗಾಗಿ ಕೆಮ್ಮನ್ನು ನುಂಗುವುದು ಕಲಿತೆ. ಕಾಲಿಗೆ ಕಾಲು ಬಿಗಿದು, ಉಸಿರು ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಿಂತರೆ ಅದು ವಾಪಸು ಹೋಗುತ್ತದೆ. ಜೊತೆಗೆ ಬೆಳಿಗ್ಗೆ ಎರಡು ಮುಚ್ಚಳ ಕೆಮ್ಮಿನ ಸಿರಪ್ಪು, ಮಧ್ಯಾಹ್ನ ಎರಡು. ಔಷಧಿ ಅಂಗಡಿಯವನು ನನ್ನನ್ನು ಕಂಡರೆ ಕೇಳದೆಯೇ ಬಾಟಲಿ ತೆಗೆದಿಡುತ್ತಾನೆ. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದೇನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಪಕ್ಕದಲ್ಲಿ ಯಾರಾದರೂ ಮೂಗೆಳೆದರೆ ನನ್ನ ಕೈ ತಾನಾಗಿಯೇ ಸೀರೆಯ ಹಿಂಬದಿ ಮುಟ್ಟಿ ನೋಡುತ್ತದೆ. ನಿನ್ನ ಬಿಳಿ ಕುರ್ಚಿ ಕಂಡದ್ದೇ ಗೋಡೆಯ ಕಡೆ ನಡೆದೆ. ಆ ಸೋದರಮಾವ ಒಳ್ಳೆಯ ಮಾತುಗಾರ. ಪೂರ್ತಿ ಕೇಳಬೇಕೆಂದು ನಿಜವಾಗಿಯೂ ಆಸೆಯಿತ್ತು. ನೀರಿನ ಟ್ಯಾಂಕಿನ ಹಿಂದೆ ಓಡಿದೆ, ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಆ ಬಟ್ಟೆಯಲ್ಲಿ ಮದುಮಗಳ ಪಕ್ಕ ನಿಂತು ಫೋಟೊ ಹೇಗೆ ತೆಗೆಸಿಕೊಳ್ಳಲಿ?

ನಿನ್ನ ಭಾವನಿಗೂ ಹೇಳಿಲ್ಲ. ಅವರು ಬೀಗದ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ನಾನು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡಿರುತ್ತೇನೆ. ಒಂದು ದಿನ ಬಾಗಿಲಲ್ಲಿ ನಿಂತು, "ನಾನೇನು ತಪ್ಪು ಮಾಡ್ದೆ ಅಂತನಾದ್ರೂ ಹೇಳಿಬಿಡು" ಎಂದರು. ಒಳಗೆ ಸೆಖೆ ಎಂದೆ. ಆಗ ಚಳಿಗಾಲ.

ಮಗಳಿಗೆ ನನ್ನ ಮೇಲೆ ಬೇಜಾರು ಬೇಡ ಎನ್ನು. ಕಾರಣ ಮಾತ್ರ ಹೇಳಬೇಡ.

ನಿನ್ನ ಅಕ್ಕ


ಫೆಬ್ರವರಿ 15

ಅಕ್ಕಾ,

ಕಾಗದವನ್ನು ಹರಿದುಹಾಕಿದೆ. ಹರಿಯುವ ಮೊದಲು ಎಷ್ಟು ಸಲ ಓದಿದೆನೋ. ಗೋಡೆಗೆ ಒರಗಿ ನಿಂತ ನಿನ್ನನ್ನು ದುರಹಂಕಾರಿ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಆದರೆ ನಿನ್ನ ಮೇಲೂ ನನಗೆ ಕೋಪವಿದೆ. ಹೆಂಗಸರ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯಲ್ಲಿ ನಿನ್ನ ತಂಗಿ ಕೂತಿದ್ದಾಳೆ, ನೀನು ಚಾಪೆ ಹಿಡಿದುಕೊಂಡು ಅಡುಗೆಮನೆಗೆ ಓಡುತ್ತಿದ್ದೀಯ. ಇದಕ್ಕೆಂದು ಬರುವ ಹೆಂಗಸರನ್ನು ನಾನು ದಿನಾ ನೋಡುತ್ತೇನೆ. ಯಾರೂ ನೆಟ್ಟಗೆ ಹೇಳುವುದಿಲ್ಲ, ಎಲ್ಲರದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. "ಸ್ವಲ್ಪ ಕೆಳಗಡೆ ತೊಂದರೆ" ಎನ್ನುತ್ತಾರೆ. ಮಾಸ್ತರರ ಹೆಂಡತಿಯೂ ಹಾಗೇ ಅನ್ನುತ್ತಾಳೆ, ಪೊಲೀಸ್ ಹೆಂಗಸೂ ಹಾಗೇ ಅನ್ನುತ್ತಾಳೆ.

ಇದಕ್ಕೆ ಔಷಧವಿದೆ. ಹೊಟ್ಟೆ ಸೀಳುವ ಕಾಲ ಹೋಯಿತು. ಮೊದಲು ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಡುತ್ತಾರೆ, ಕೆಲವರಿಗೆ ಅದೇ ಸಾಕು. ಸಾಲದಿದ್ದರೆ ಮೂತ್ರನಾಳದ ಸುತ್ತ ಸೂಜಿಯಿಂದ ಲೋಳೆಯಂಥ ಔಷಧ ತುಂಬಿ ಬಾಯಿ ಬಿಗಿ ಮಾಡುತ್ತಾರೆ. ಅದು ಹಗುರ, ಆದರೆ ಕಾಲ ಕಳೆದಂತೆ ಮತ್ತೆ ಹಾಕಿಸಬೇಕಾಗಬಹುದು. ಇನ್ನೊಂದು ಪಟ್ಟಿ. ಬೆರಳಗಲದ ಜಾಲರಿಯನ್ನು ನಾಳದ ಕೆಳಗೆ ಆಸರೆಯಾಗಿ ಇಡುತ್ತಾರೆ. ಒಳಗಡೆ ಒಂದು ಸಣ್ಣ ಗಾಯ, ಅದೇ ಸಂಜೆ ಮನೆಗೆ. ಕೆಲವರಿಗೆ ಮೂತ್ರ ಕಟ್ಟಿಕೊಳ್ಳುವುದುಂಟು, ಅಪರೂಪಕ್ಕೆ ಜಾಲರಿ ಒಳಗೆ ಉಜ್ಜಿ ನೋವಾಗುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆಚ್ಚಿನವರು ನಗುತ್ತಾ ಬಂದು ನನ್ನ ಕಿಟಕಿಯಲ್ಲಿ ಸಿಹಿ ಇಟ್ಟು ಹೋಗುತ್ತಾರೆ. ಲೇಸರ್ ಎಂದೂ ಈಚೆಗೆ ಜನ ಕೇಳುತ್ತಾರೆ. ನಮ್ಮ ಡಾಕ್ಟರಮ್ಮನಿಗೆ ಅದರಲ್ಲಿ ಇನ್ನೂ ನಂಬಿಕೆಯಿಲ್ಲ.

ಒಂದು ಮಾತು ನೆನಪಿಟ್ಟುಕೋ. ಡಾಕ್ಟರಮ್ಮ ತಪ್ಪದೆ ಕೇಳುವ ಪ್ರಶ್ನೆ, ಕೆಮ್ಮು ಇದೆಯಾ ಎಂದು. ಇದೆ ಎಂದರೆ ಮುಗಿಯಿತು. ಎದೆಯ ವಿಭಾಗಕ್ಕೆ ಕಳಿಸುತ್ತಾರೆ, ಎಕ್ಸ್‌ರೇ ಫಿಲ್ಮು ತೆಗೆಸು, ಕಫ ಪರೀಕ್ಷೆ ಮಾಡಿಸು, ಮೊದಲು ಕೆಮ್ಮು ವಾಸಿಯಾಗಲಿ ಆಮೇಲೆ ಬಾ ಎನ್ನುತ್ತಾರೆ. ಹಾಗೆ ಹೋದವರಲ್ಲಿ ವಾಪಸು ಬಂದವರನ್ನು ನಾನು ಕಂಡದ್ದು ಕಡಿಮೆ. ನಿನ್ನ ಕೆಮ್ಮು ಕಾಯಿಲೆಯ ಕೆಮ್ಮಲ್ಲ, ಪುಡಿಯ ಕೆಮ್ಮು. ಇಲ್ಲ ಎಂದುಬಿಡು. ಕೆಲಸ ಏನು ಎಂದರೆ ಪೊಟ್ಟಣ ತುಂಬುವುದು ಎನ್ನು, ಕಲ್ಲಿನ ಪುಡಿ ಎನ್ನಬೇಡ. ನಿನ್ನ ಸರದಿ ತಪ್ಪಲು ನಾನು ಬಿಡುವುದಿಲ್ಲ.

ನಿನ್ನ ಪಿಟೀಲು


ಏಪ್ರಿಲ್ 2

ಪಿಟೀಲು,

ನೀನು ಚೀಟಿಯಲ್ಲಿ ಬರೆದು ಕಳಿಸಿದ ವ್ಯಾಯಾಮ ತಪ್ಪದೆ ಮಾಡುತ್ತಿದ್ದೇನೆ. ಬಸ್ಸಿನಲ್ಲಿ, ಪೊಟ್ಟಣಕ್ಕೆ ಅಂಟು ಹಾಕುವಾಗ, ಸೊಸೆ ಅವಳ ತವರಿನ ಪುರಾಣ ಹೇಳುವಾಗ. ಮುಖ ನೋಡಿದವರಿಗೆ ಗೊತ್ತಾಗುವುದಿಲ್ಲ ಎನ್ನುವುದು ಇದರ ದೊಡ್ಡ ಗುಣ. ಆದರೂ ಮೊನ್ನೆ ಕಾರ್ಖಾನೆಯ ಮೇಸ್ತ್ರಿ, "ಏನಮ್ಮಾ, ಹಲ್ಲು ಕಚ್ಕೊಂಡು ಯಾರನ್ನ ಬೈತಿದೀಯ?" ಎಂದು ಕೇಳಿದ.

ಸ್ವಲ್ಪ ಹಿಡಿತ ಬಂದಿದೆ. ಮೆಟ್ಟಿಲು ಇಳಿಯುವಾಗ ಈಗ ಸೋರುವುದಿಲ್ಲ. ಕೆಮ್ಮಿನ ಮುಂದೆ ಮಾತ್ರ ಅದರ ಆಟ ನಡೆಯುತ್ತಿಲ್ಲ. ಕೆಮ್ಮು ಒಳಗಿನಿಂದ ಒದ್ದುಕೊಂಡು ಬರುತ್ತದೆ. ಸಿರಪ್ಪು ಈಗ ರಾತ್ರಿಗೂ ಬೇಕು.

ಮೇಸ್ತ್ರಿ ನನ್ನನ್ನು ಯಂತ್ರದ ಬಾಯಿಗೆ ಹಾಕುತ್ತೇನೆ ಎನ್ನುತ್ತಿದ್ದಾನೆ. ಅಲ್ಲಿ ಪುಡಿ ಬೀಳುವಾಗ ಚೀಲ ಹಿಡಿದು, ತುಂಬಿದ ಮೇಲೆ ಎತ್ತಿ ಪಕ್ಕಕ್ಕೆ ಒಟ್ಟಬೇಕು. ಅದು ಕಾಯಂ ಕೆಲಸ, ಕೆಲಸ ಕಡಿಮೆಯಾದ ದಿನ ಮನೆಗೆ ಹೋಗಿ ಎನ್ನಿಸಿಕೊಳ್ಳುವ ಭಯವಿಲ್ಲ. ಎಲ್ಲರೂ ಅದಕ್ಕೆ ಬಾಯಿ ಬಿಡುತ್ತಾರೆ. ನಾನು ಎರಡು ಸಲ ಒಲ್ಲೆ ಎಂದೆ. ಚೀಲ ಎತ್ತಿದರೆ ಏನಾಗುತ್ತದೆ ಎಂದು ಅವನಿಗೆ ಹೇಗೆ ಹೇಳಲಿ? ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು.

ಮೇ ತಿಂಗಳಲ್ಲಿ ಬರುತ್ತೇನೆ. ಪಟ್ಟಿಯೇ ಆಗಲಿ. ನಿನಗೆ ಮೈ ಸರಿಯಿಲ್ಲ, ನೋಡಿಕೊಳ್ಳಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ಯಾರಾದರೂ ಫೋನ್ ಮಾಡಿದರೆ ಸ್ವಲ್ಪ ನರಳು.

ನಿನ್ನ ಅಕ್ಕ


ಜೂನ್ 20

ಪಿಟೀಲು,

ಆಸ್ಪತ್ರೆಯಿಂದ ನಿನ್ನ ಮನೆಗೆ ಬಂದಾಗ ನಾನು ಏನೂ ಹೇಳಲಿಲ್ಲ, ನೀನು ಕೇಳುತ್ತಲೇ ಇದ್ದೆ. ನೀನು ಕಿಟಕಿಯಲ್ಲಿ ಚೀಟಿ ಬರೆಯುತ್ತಿದ್ದಾಗ ಒಳಗೆ ಏನಾಯಿತು ಎಂದು ಈಗ ಹೇಳುತ್ತೇನೆ. ನಗಬೇಕೋ ಅಳಬೇಕೋ ನೀನೇ ನೋಡು.

ಮೊದಲ ದಿನ ಡಾಕ್ಟರಮ್ಮ ನನ್ನನ್ನು ಮೇಜಿನ ಮೇಲೆ ಮಲಗಿಸಿದರು. ಹೊಟ್ಟೆ ತುಂಬ ನೀರು ಕುಡಿಸಿದ್ದರು, ಒಂದಕ್ಕೆ ಹೋಗಲು ಬಿಟ್ಟಿರಲಿಲ್ಲ. ಕೆಮ್ಮು ಇದೆಯಾ ಎಂದು ಕೇಳಿದರು. ನೀನು ಹೇಳಿಕೊಟ್ಟ ಹಾಗೆ ಇಲ್ಲ ಎಂದೆ. ದಿಟ್ಟವಾಗಿಯೇ ಹೇಳಿದೆ, ಬೆಳಿಗ್ಗೆ ಅರ್ಧ ಬಾಟಲಿ ಸಿರಪ್ಪು ಕುಡಿದು ಬಂದಿದ್ದೆನಲ್ಲ. ಆಮೇಲೆ ಅವರು ನನ್ನ ಕಾಲ ಬಳಿ ಕೂತು, "ಎಲ್ಲಿ, ಕೆಮ್ಮಿ ತೋರಿಸಿ" ಎಂದರು.

ನನಗೆ ಕೆಮ್ಮಲು ಬರಲಿಲ್ಲ.

ಇಷ್ಟು ವರ್ಷ ನುಂಗಿ ನುಂಗಿ, ಕೆಮ್ಮುವುದು ಹೇಗೆ ಎಂದು ಮೈಗೆ ಮರೆತುಹೋಗಿದೆ. ಊಹುಂ ಎಂಬಂತೆ ಗಂಟಲು ಮಾಡಿದೆ. "ಜೋರಾಗಿ" ಎಂದರು. ನರ್ಸು ತಾನೇ ಕೆಮ್ಮಿ ತೋರಿಸಿದಳು, ಶಾಲೆಯ ಮಗುವಿಗೆ ಅ ಆ ಹೇಳಿಕೊಟ್ಟ ಹಾಗೆ. "ಸೋರಿದ್ರೆ ಸೋರಲಿ, ಅದನ್ನ ನೋಡೋಕೇ ನಾನು ಕೂತಿರೋದು" ಎಂದರು ಡಾಕ್ಟರಮ್ಮ. ಅಷ್ಟು ಮೃದುವಾಗಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ, ಪಿಟೀಲು. ಆ ಮಾತಿಗೆ ಏನೋ ಸಡಿಲವಾಯಿತು. ಒಂದು ಕೆಮ್ಮು ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ನಿಲ್ಲಲೇ ಇಲ್ಲ. ಮೇಜು, ಹಾಸಿದ ಬಟ್ಟೆ, ಡಾಕ್ಟರಮ್ಮನ ತೋಳು ಎಲ್ಲ ಒದ್ದೆ. ಅವರಿಗೆ ಬೇಕಾದದ್ದು ಕಂಡಿತು. ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿ, "ಈ ಕೆಮ್ಮು ಎಷ್ಟು ದಿನದ್ದು?" ಎಂದು ಕೇಳಿದರು.

ಆ ಪ್ರಶ್ನೆಗೆ ನಿಜ ಹೇಳಬೇಕೆಂದು ಒಂದು ಗಳಿಗೆ ಅನ್ನಿಸಿತು. ನೀನು ಹಿಡಿದಿಟ್ಟ ಸರದಿ ನೆನಪಾಯಿತು. ಮತ್ತೆ ಆ ಚಾಪೆಗೆ ಹೋಗುವುದೂ ನೆನಪಾಯಿತು. ಫ್ಯಾನಿನ ಗಾಳಿಗೆ ಇವತ್ತೇ ಶುರುವಾದದ್ದು ಎಂದೆ. ಹಾಗಿದ್ದರೆ ಎದೆಯ ಫಿಲ್ಮು ಬೇಡ ಬಿಡಿ ಎಂದು ದಿನ ಗೊತ್ತು ಮಾಡಿದರು.

ಪಟ್ಟಿ ಹಾಕಿದ ದಿನ ಅಲ್ಲಿಗೆ ಮಾತ್ರ ಮರಗಟ್ಟಿಸುವ ಸೂಜಿ. ಎಚ್ಚರವಾಗಿಯೇ ಇದ್ದೆ. ಪಟ್ಟಿ ಇಟ್ಟ ಮೇಲೆ ಮತ್ತೆ ಕೆಮ್ಮಿ ಎಂದರು, ಬಿಗಿ ಎಷ್ಟಿರಬೇಕೆಂದು ನೋಡಲು. ಈ ಸಲ ಕಲಿತಿದ್ದೆ. ಮೂರು ಕೆಮ್ಮು ಕೆಮ್ಮಿದೆ. "ಸಾಕು, ಒಣಗಿದೆ" ಎಂದರು.

ಭಾರ ಎತ್ತಬಾರದು ಎಂದಷ್ಟು ದಿನ ಎತ್ತಲಿಲ್ಲ. ಮೊನ್ನೆ ಮೇಸ್ತ್ರಿ ಜಾರಿ ಪುಡಿಯ ರಾಶಿಯಲ್ಲಿ ಕೂತುಬಿಟ್ಟ, ಎದ್ದಾಗ ಹಿಂದಿನಿಂದ ಪೂರ್ತಿ ಬಿಳಿ. ನಾನು ನಕ್ಕೆ. ಮೊದಲು ಹೆದರಿಕೊಂಡು, ಆಮೇಲೆ ಬಾಯಿ ತುಂಬ. ಒಂದು ಹನಿ ಇಲ್ಲ. ನಗುತ್ತಾ ನಗುತ್ತಾ ಅಳು ಬಂತು, ಹುಡುಗಿಯರು ನನಗೆ ಹುಚ್ಚು ಎಂದುಕೊಂಡರು.

ನಿನ್ನ ಭಾವನಿಗೆ ಎಲ್ಲ ಹೇಳಿದೆ. ಅವರು ಎದ್ದು ಅಡುಗೆಮನೆಗೆ ಹೋಗಿ ಚಾಪೆ ಸುತ್ತಿ ತಂದು ಅಟ್ಟದ ಮೇಲೆ ಎಸೆದರು. ನನ್ನ ಬಾಳಿನಲ್ಲಿ ನೀನು ಇಷ್ಟು ಮಾಡಿದೆ, ಇದನ್ನು ನಾನು ಮರೆಯುವುದಿಲ್ಲ.

ನಿನ್ನ ಅಕ್ಕ


ಜುಲೈ 8

ಅಕ್ಕಾ,

ನಿನ್ನ ಕಾಗದವನ್ನು ಕಿಟಕಿಯಲ್ಲಿ ಕೂತೇ ಓದಿದೆ. ಚೀಟಿಗೆ ಬಂದವಳೊಬ್ಬಳು ನಾನು ನಗುವುದು ಕಂಡು ಗಾಬರಿಯಾದಳು. ಇದನ್ನು ಮಾತ್ರ ಹರಿಯುವುದಿಲ್ಲ.

ಮಗಳ ಹತ್ತಿರ ಕಾರಣ ಹೇಳಿದ್ದೇನೆ, ಬೈದುಕೋ. ಅವಳು ದೊಡ್ಡಮ್ಮನನ್ನು ಕೂರಿಸಿಕೊಂಡು ಇನ್ನೊಮ್ಮೆ ಫೋಟೊ ತೆಗೆಸಬೇಕು ಎನ್ನುತ್ತಿದ್ದಾಳೆ. ನಾನು ಹೇಳಿಕೊಟ್ಟ ಸುಳ್ಳು ಕೆಲಸಕ್ಕೆ ಬಂತು ನೋಡು. ಕಿಟಕಿಯಲ್ಲಿ ಕೂತವಳಿಗೆ ಡಾಕ್ಟರಿಗಿಂತ ಹೆಚ್ಚು ಗೊತ್ತಿರುತ್ತದೆ ಎಂದು ಇನ್ನು ಮೇಲೆ ಹೇಳಿಕೊಂಡು ತಿರುಗುತ್ತೇನೆ.

ಆ ಸಿರಪ್ಪು ಬಿಡು. ಇನ್ನು ಅದು ಯಾಕೆ?

ನಿನ್ನ ಪಿಟೀಲು


ಅಕ್ಟೋಬರ್ 11

ಪಿಟೀಲು,

ಸಿರಪ್ಪು ಬಿಟ್ಟೆ. ಯಂತ್ರದ ಬಾಯಿಯ ಕೆಲಸವನ್ನೂ ಹಿಡಿದೆ. ಪಟ್ಟಿ ಹಾಕಿಸಿ ಮರಳಿದ ಮೇಲೆ ಮೇಸ್ತ್ರಿ ಮೂರನೆಯ ಸಲ ಕೇಳಿದ, ಈ ಸಲ ಹೂಂ ಎಂದೆ. ಚೀಲ ಹಿಡಿದರೆ ಪುಡಿ ಧೋ ಎಂದು ಸುರಿಯುತ್ತದೆ, ಎದುರಿನ ಗೋಡೆಯೂ ಕಾಣುವುದಿಲ್ಲ. ಮುಖಕ್ಕೆ ಕಟ್ಟಿಕೊಂಡ ಬಟ್ಟೆ ಬಿಚ್ಚಿದರೆ ಒಳಗಡೆಯೂ ಬಿಳಿ. ಆದರೆ ಕಾಯಂ ಕೆಲಸ. ಚೀಲ ಎತ್ತುತ್ತೇನೆ, ಒಟ್ಟುತ್ತೇನೆ, ಕೆಳಗೆ ಏನೂ ಆಗುವುದಿಲ್ಲ. ಹುಡುಗಿಯರಿಗೆಲ್ಲ ಹೊಟ್ಟೆಕಿಚ್ಚು.

ಈಗ ಕೆಮ್ಮುವುದೆಂದರೆ ನನಗೊಂದು ಸುಖ. ಬಾಯಿಗೆ ಕೈ ಇಡುವುದಿಲ್ಲ, ಕಾಲು ಬಿಗಿಯುವುದಿಲ್ಲ, ಎದೆ ಬಿರಿಯುವ ಹಾಗೆ ಕೆಮ್ಮುತ್ತೇನೆ. ಹಳೆಯ ಬಾಕಿಯೆಲ್ಲ ಈಗ ಹೊರಗೆ ಬರುತ್ತಿದೆ ಎಂದು ನಿನ್ನ ಭಾವನಿಗೆ ಹೇಳಿದೆ. ಅವರು ನಗಲಿಲ್ಲ. ಸೊಸೆ ಒಂದು ದಿನ, "ಅತ್ತೆ, ನೀವು ಇಷ್ಟು ಕೆಮ್ತೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದಳು. ಯಾರಿಗೂ ಗೊತ್ತಿರಲಿಲ್ಲ. ನನಗೂ ಅಷ್ಟಾಗಿ ಗೊತ್ತಿರಲಿಲ್ಲ.

ಸ್ವಲ್ಪ ಸಣ್ಣಗಾಗಿದ್ದೇನೆ, ರವಿಕೆಗಳೆಲ್ಲ ಜೋಲುತ್ತಿವೆ. ಈ ವಯಸ್ಸಿನಲ್ಲಿ ನಡು ಬಂತು ಎಂದು ಹುಡುಗಿಯರು ತಮಾಷೆ ಮಾಡುತ್ತಾರೆ. ಬಸ್ಸಿನಿಂದಿಳಿದು ಮನೆಗೆ ಏರುವ ದಾರಿಯಲ್ಲಿ ಎರಡು ಕಡೆ ನಿಲ್ಲಬೇಕಾಗುತ್ತದೆ. ನಿಂತಾಗ ಅಂಗಡಿಯ ಸಾಮಾನು ನೋಡುವವಳ ಹಾಗೆ ನಿಲ್ಲುತ್ತೇನೆ. ಮೊನ್ನೆ ಕರವಸ್ತ್ರದಲ್ಲಿ ಒಂದು ಚೂರು ಕೆಂಪು ಕಂಡಿತು. ಗಂಟಲು ಕೆರೆದಿರಬೇಕು, ಇಷ್ಟು ಕೆಮ್ಮಿದರೆ ಯಾರ ಗಂಟಲು ತಾನೇ ಉಳಿಯುತ್ತದೆ?

ಫೋಟೊಗೆ ಯಾವಾಗ ಬರಲಿ?

ನಿನ್ನ ಅಕ್ಕ


ಅಕ್ಟೋಬರ್ 16

ಅಕ್ಕಾ,

ಕಾಗದ ಈಗ ಬಂತು. ನಾಳೆಯಿಂದ ಕೆಲಸಕ್ಕೆ ಹೋಗಬೇಡ. ಮೇಸ್ತ್ರಿಗೆ ಏನು ಬೇಕಾದರೂ ಹೇಳು. ನಾನು ರಜೆ ಹಾಕಿ ಹೊರಟಿದ್ದೇನೆ, ಈ ಕಾಗದಕ್ಕಿಂತ ಮೊದಲೇ ಬಂದರೂ ಬಂದೆ. ಎದೆಯ ಡಾಕ್ಟರ ಹತ್ತಿರ ಹೋಗೋಣ. ಅಲ್ಲಿ ನಿಜ ಹೇಳು. ಎಷ್ಟು ವರ್ಷದ ಕೆಮ್ಮು, ಎಂಥ ಪುಡಿ, ಎಲ್ಲ ಹೇಳು.

ಪಿಟೀಲು


ಡಿಸೆಂಬರ್ 19

ಅಕ್ಕಾ,

ನಿನ್ನ ಮನೆಯಿಂದ ಬಂದು ಇಷ್ಟು ದಿನವಾದರೂ ಬರೆಯಲು ಆಗಲಿಲ್ಲ. ಪ್ರತಿದಿನ ಫೋನಿನಲ್ಲಿ ಭಾವನ ಹತ್ತಿರ ಊಟ ಮಾಡಿದಳಾ, ಮಲಗಿದಳಾ ಎಂದು ಕೇಳಿ ಇಡುತ್ತೇನೆ. ನಿನ್ನನ್ನು ಕೊಡಿ ಎನ್ನಲು ಧೈರ್ಯ ಬರುವುದಿಲ್ಲ.

ಎದೆಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಎರಡೂ ಕಡೆ ಬಿಳಿ. ಕಲ್ಲಿನ ಪುಡಿ ಒಳಗೆ ಹೋಗಿ ಕೂತಿದೆ, ಕೂತ ಕಡೆ ಗಾಯವಾಗಿ ಗಟ್ಟಿಯಾಗಿದೆ, ಅದನ್ನು ಕರಗಿಸುವ ಔಷಧವಿಲ್ಲ ಎಂದರು. ನೀನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಅವರು ಹೇಳಿದ್ದನ್ನು ನಿನಗೆ ಹೇಳಿಲ್ಲ, ಭಾವನಿಗೂ ಹೇಳಿಲ್ಲ.

"ಬೇಸಿಗೇಲಿ ಒಂದು ಆಪರೇಷನ್ ಆಯ್ತು ಅಂತೀರಿ. ಆವಾಗ ಯಾರೂ ಎದೆ ನೋಡ್ಲಿಲ್ವಾ?" ಎಂದು ಕೇಳಿದರು. ಅವರು ನನ್ನನ್ನು ಬೈಯಲಿಲ್ಲ, ಏನೂ ಗೊತ್ತಿಲ್ಲದ ನೆಂಟಳು ಎಂದುಕೊಂಡು ಮೆಲ್ಲಗೆ ವಿವರಿಸಿದರು. ಆಗಲೂ ಪೂರ್ತಿ ವಾಸಿ ಮಾಡಲು ಆಗುತ್ತಿರಲಿಲ್ಲವಂತೆ. ಆದರೆ ಆಗಲೇ ಪುಡಿಯಿಂದ ಆಚೆ ಇಟ್ಟಿದ್ದರೆ ಇಷ್ಟು ಬೇಗ ಏರುತ್ತಿರಲಿಲ್ಲ, ವರ್ಷಗಳು ಸಿಗುತ್ತಿದ್ದವು ಎಂದರು. ಆಮೇಲಿನ ತಿಂಗಳುಗಳಲ್ಲಿ ಪುಡಿ ಹೆಚ್ಚಿದ್ದ ಕಡೆ ಕೆಲಸ ಮಾಡಿದರೇ ಎಂದೂ ಕೇಳಿದರು. ಹೌದು ಎಂದೆ.

ನಿನ್ನನ್ನು ಎದೆಯ ವಿಭಾಗಕ್ಕೆ ಕಳಿಸಬಾರದೆಂದು ನಾನು ಅಷ್ಟು ಹಟ ಹಿಡಿದೆ. ಅಲ್ಲಿಗೆ ಹೋಗಿದ್ದರೆ ಮೇ ತಿಂಗಳಲ್ಲೇ ಗೊತ್ತಾಗುತ್ತಿತ್ತು. ಡಾಕ್ಟರಮ್ಮ ಆ ಪ್ರಶ್ನೆ ಯಾಕೆ ಕೇಳುತ್ತಾರೆ ಎಂದು ಇಷ್ಟು ವರ್ಷ ಕಿಟಕಿಯಲ್ಲಿ ಕೂತು ನಾನು ಒಂದು ದಿನವೂ ಯೋಚಿಸಲಿಲ್ಲ. ಅದು ಹೆಂಗಸರನ್ನು ವಾಪಸು ಕಳಿಸುವ ನೆಪ ಎಂದುಕೊಂಡಿದ್ದೆ. ಪಟ್ಟಿ ಹಾಕಿಸಿ ನಿನ್ನನ್ನು ನಾನೇ ಆ ಯಂತ್ರದ ಬಾಯಿಗೆ ನಿಲ್ಲಿಸಿದೆ.

ಈಗ ಕಿಟಕಿಯಲ್ಲಿ ಕೂತರೆ ಒಬ್ಬರ ಚೀಟಿಗೆ ಇನ್ನೊಬ್ಬರ ಹೆಸರು ಬರೆಯುತ್ತೇನೆ. ಅಕ್ಕಾ, ಒಂದು ಕಾಗದ ಬರೆ. ನಿನ್ನದೇನೂ ತಪ್ಪಿಲ್ಲ ಪಿಟೀಲು ಎಂದು ಒಂದು ಸಾಲು ಬರೆದರೆ ಸಾಕು. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಾದರೂ ಮಲಗುತ್ತೇನೆ.

ನಿನ್ನ ತಂಗಿ


ಜನವರಿ 25

ಪಿಟೀಲು,

ಒಂದೇ ಸಲ ಬರೆಯಲು ಆಗುವುದಿಲ್ಲ. ನಾಲ್ಕು ಸಾಲು ಬರೆದು ಒರಗುತ್ತೇನೆ, ಮತ್ತೆ ಏಳುತ್ತೇನೆ. ಅದಕ್ಕೇ ತಡವಾಯಿತು. ಸೊಸೆ ನಾನು ಬರೆದುಕೊಡಲೇ ಎಂದಳು, ಬೇಡ ಎಂದೆ.

ಮೂಗಿಗೆ ಕೊಳವೆ ಇಟ್ಟಿದ್ದಾರೆ. ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುರ್ ಎನ್ನುತ್ತಿರುತ್ತದೆ, ನಿನ್ನ ಭಾವ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಾರೆ. ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಬಂದು ಹತ್ತಿರ ಕೂರುತ್ತಾರೆ. ಇಷ್ಟು ವರ್ಷ ದೂರ ಮಲಗಿದ್ದಕ್ಕೆ ಈಗ ಕೈ ಬಿಡುವುದೇ ಇಲ್ಲ. ಅವರ ಮುಖ ನೋಡಲು ನನಗೆ ಆಗುವುದಿಲ್ಲ.

ನೆಟ್ಟಗೆ ಮಲಗಿದರೆ ಉಸಿರು ಸಿಗುವುದಿಲ್ಲ, ಕೂತೇ ಇರುತ್ತೇನೆ. ಕೆಮ್ಮು ಬಂದರೆ ಕಣ್ಣು ಕತ್ತಲೆ ಬರುತ್ತದೆ. ಹಾಸಿಗೆ ಮಾತ್ರ ಒಣಗಿದೆ. ಬಟ್ಟೆ ಬದಲಾಯಿಸುವಾಗ ಸೊಸೆಗೆ ಆಶ್ಚರ್ಯ, ಇಷ್ಟು ಕೆಮ್ಮಿದರೂ ಹೇಗೆ ಅಂತ. ಆ ಪಟ್ಟಿ ತನ್ನ ಕೆಲಸ ತಾನು ಮಾಡುತ್ತಿದೆ. ನನ್ನೊಳಗೆ ಸರಿಯಾಗಿ ಕೆಲಸ ಮಾಡುತ್ತಿರುವುದು ಈಗ ಅದೊಂದೇ ಇರಬೇಕು. ನಿಮ್ಮ ಡಾಕ್ಟರಮ್ಮನಿಗೆ ಹೇಳು, ಅವರ ಕೈಯಲ್ಲಿ ಏನೂ ದೋಷವಿಲ್ಲ.

ಕಾರ್ಖಾನೆಯ ಹುಡುಗಿಯರು ನೋಡಲು ಬಂದಿದ್ದರು. ಎಲ್ಲರೂ ಎದೆಯ ಫಿಲ್ಮು ತೆಗೆಸಿಕೊಳ್ಳಿ ಎಂದೆ. ನಮಗೇನೂ ಕೆಮ್ಮಿಲ್ಲ ಎಂದರು. ಕೆಮ್ಮುತ್ತಲೇ ಹೇಳಿದರು. ಯಂತ್ರದ ಬಾಯಿಗೆ ಈಗ ಯಾರು ಎಂದು ಕೇಳಿದೆ. ಅವರಲ್ಲೇ ಚಿಕ್ಕವಳು ತಲೆ ತಗ್ಗಿಸಿದಳು.

ನೀನು ಬಚ್ಚಿಟ್ಟ ಮಾತು ನನಗೆ ಅಂದೇ ಗೊತ್ತು. ಬೆಂಚು ಬಾಗಿಲ ಪಕ್ಕದಲ್ಲೇ ಇತ್ತು, ಬಾಗಿಲು ತೆರೆದಿತ್ತು. ವರ್ಷಗಳು ಸಿಗುತ್ತಿದ್ದವು ಎಂದು ಅವರು ಹೇಳಿದ್ದು ಕೇಳಿಸಿತು. ಆ ದಿನವೆಲ್ಲ ನಿನ್ನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಬಸ್ಸಿನಲ್ಲಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದು ಅದಕ್ಕೇ. ಆಮೇಲೆ ಆ ಮೇಜು ನೆನಪಾಯಿತು. ಡಾಕ್ಟರಮ್ಮ ಎರಡನೆಯ ಸಲ ಕೇಳಿದಾಗ ಹೇಳಿಕೊಡಲು ನೀನು ಅಲ್ಲಿರಲಿಲ್ಲ, ಫ್ಯಾನಿನ ಗಾಳಿ ಎಂದದ್ದು ನಾನೇ. ಬದುಕಬೇಕು ಎನ್ನುವುದಕ್ಕಿಂತ ಒಣಗಿರಬೇಕು ಎನ್ನುವುದೇ ನನಗೆ ದೊಡ್ಡದಾಗಿತ್ತು. ಆ ನಗು, ಆ ನಾಲ್ಕು ತಿಂಗಳು, ನಿನ್ನ ಭಾವನ ಪಕ್ಕದ ಜಾಗ, ಅವನ್ನು ಬೇಡ ಎನ್ನಲು ಈಗಲೂ ಮನಸ್ಸಿಲ್ಲ. ಆದರೆ ಇನ್ನೂ ಬೇಕಿತ್ತು, ಪಿಟೀಲು. ನನಗೆ ಸಾಯಲು ಇಷ್ಟವಿಲ್ಲ.

ನಿನ್ನದೇನೂ ತಪ್ಪಿಲ್ಲ ಎಂದು ಬರೆ ಎಂದಿದ್ದೀಯ. ನೀನು ಹೇಳಿದೆ ಎಂದು ಒಂದು ಸಲ ಸುಳ್ಳು ಹೇಳಿದೆ. ಇನ್ನೊಂದು ಸಲ ಹೇಳಲಾರೆ.

ನೀನು ಬಾ. ರಜೆ ಸಿಗದಿದ್ದರೂ ಬಾ. ಎದುರಿಗೆ ಕೂರಿಸಿಕೊಂಡು ನಿನ್ನನ್ನು ಬೈಯಬೇಕು, ಬಹಳ ಬೈಯುವುದಿದೆ. ಬೈಯಲು ಉಸಿರು ಸಾಲದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂತಿರು.

ನಿನ್ನ ಅಕ್ಕ